ಹೋಟೆಲಿನ ಜಾತಕ ನೋಡುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು 2022ರ ಮೇ 1ರಂದು ತೀರಿಕೊಂಡಳು. ಇನ್ನೂ ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ನಾವು ದಿನಾ ತಿನ್ನುವ ಹೋಟೆಲಿನಲ್ಲಿ ಅಧಿಕಾರಿಗಳು ಏನು ಕಂಡಿದ್ದಾರೆ ಎಂದು ತಿಳಿಯುವ ಹಕ್ಕು ನಮಗಿದೆ. ಅದನ್ನು ಬಳಸಲೇಬೇಕು.

ಮೊದಲು ಕ್ಯಾಶ್ ಕೌಂಟರ್ ಹತ್ತಿರ ನೋಡಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಗಳ ನಂಬರ್ ಅಲ್ಲಿ ಕಾಣುವಂತೆ ಇರಬೇಕು. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ಅಂಗಡಿಗಳಿಗೆ ಕೊಡುವ ನೋಂದಣಿ.

ಎಫ್‌ಎಸ್‌ಎಸ್‌ಎಐಯ ಲೈಸೆನ್ಸ್ ವೆಬ್‌ಸೈಟಾದ ಫೋಸ್ಕೋಸ್‌ನಲ್ಲಿ (FoSCoS) ಆ ನಂಬರ್ ಹಾಕಿ. ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ವಿಳಾಸ ಇದೇ ಅಂಗಡಿಯದ್ದೇ ನೋಡಿ. ಪ್ರತಿ ಶಾಖೆಗೂ ಬೇರೆ ನಂಬರ್ ಬೇಕು.

ಆದರೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಅಡುಗೆಕೋಣೆ ಚೊಕ್ಕ ಅಂತಲ್ಲ, ಅಲ್ವಾ? ಹಳೆಯ ತಪಾಸಣೆಯ ವಿವರಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಜಿಲ್ಲೆಯ ಆಹಾರ ಸುರಕ್ಷತಾ ಕಚೇರಿಗೆ ಒಂದು, ಪಂಚಾಯತಿಗೋ ನಗರಸಭೆಗೋ ಇನ್ನೊಂದು. 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರೆ ಸಾಕು. 'ಹೋಟೆಲು ಸರಿ ಇದೆಯೇ' ಎಂದು ಕೇಳಬೇಡಿ. ದಾಖಲೆಯ ಪ್ರತಿ ಕೇಳಿ: ಕಳೆದ ಮೂರು ವರ್ಷಗಳ ತಪಾಸಣಾ ವರದಿ, ಕೊಟ್ಟ ನೋಟಿಸು, ಹಾಕಿದ ದಂಡ, ತೆಗೆದ ಸ್ಯಾಂಪಲ್‌ನ ಲ್ಯಾಬ್ ಫಲಿತಾಂಶ, ನೀರಿನ ಪರೀಕ್ಷೆಯ ವರದಿ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕಿ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಲು ಕೇರಳದ ಅಧಿಕೃತ ಭಾಷಾ ಕಾಯಿದೆಯೇ ಅವಕಾಶ ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು. ಮಲಯಾಳ ಓದಲು ಬಾರದ ಹಿರಿಯರು ಸುಮ್ನೆ ಹಿಂಜರಿಯುವುದು ನೋಡಿದರೆ ಬೇಸರವಾಗುತ್ತದೆ.

ವರದಿ ಬಂದ ಮೇಲೆ ಒಂದು ನೋಟಿಸು ಕಂಡ ಕೂಡಲೇ ಹೋಟೆಲನ್ನು ದೂರಬೇಡಿ. ತಪ್ಪು ತಿದ್ದಿಕೊಂಡವರು ಇದ್ದಾರೆ. ಅದೇ ದೂರು ಮತ್ತೆ ಮತ್ತೆ ಬಂದಿದ್ದರೆ, ಅದರಲ್ಲೂ ಕೊಳಕು ನೀರು ಅಥವಾ ಹಳಸಿದ ಮಾಂಸದ್ದಾಗಿದ್ದರೆ, ಅಲ್ಲಿಗೆ ಹೋಗಬೇಡಿ.

ತಿಂದು ವಾಂತಿ, ಭೇದಿ ಶುರುವಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಬಿಲ್ಲು, ಚೀಟಿ, ಪಾರ್ಸೆಲ್ ಮೇಲಿನ ಸಮಯದ ಸ್ಟಿಕ್ಕರ್ ಬಿಸಾಡಬೇಡಿ. ಕೇರಳ ಆಹಾರ ಸುರಕ್ಷತಾ ಇಲಾಖೆಯ 1800 425 1125ಕ್ಕೆ ಅಂದೇ ಫೋನ್ ಮಾಡಿ. ತಡವಾದಷ್ಟೂ ಸ್ಯಾಂಪಲ್ ಸಿಗುವುದು ಕಷ್ಟ.