ಇಂಗ್ಲಿಷ್ ವಾಕ್ಯದಲ್ಲಿ ಗುಣವಾಚಕವನ್ನು ಗುರುತಿಸುವುದು ಹೇಗೆ?

ಒಂದು ಇಂಗ್ಲಿಷ್ ಪದ ನಾಮಪದವೋ, ಕ್ರಿಯಾಪದವೋ, ಗುಣವಾಚಕವೋ ಎಂಬುದನ್ನು ಆ ಪದವೊಂದನ್ನೇ ನೋಡಿ ನಿರ್ಧರಿಸಲು ಹಲವು ಸಲ ಸಾಧ್ಯವಾಗುವುದಿಲ್ಲ. ವಾಕ್ಯದಲ್ಲಿ ಅದು ಮಾಡುತ್ತಿರುವ ಕೆಲಸವನ್ನು ನೋಡಬೇಕು. ‘ಎ ಫಾಸ್ಟ್ ಟ್ರೈನ್’ ಎಂಬಲ್ಲಿ ‘ಫಾಸ್ಟ್’ ರೈಲು ಎಂಥದು ಎಂದು ತಿಳಿಸುವುದರಿಂದ ಗುಣವಾಚಕ. ‘ಶಿ ರನ್ಸ್ ಫಾಸ್ಟ್’ ಎಂಬಲ್ಲಿ ಓಟದ ರೀತಿಯನ್ನು ತಿಳಿಸುವುದರಿಂದ ಕ್ರಿಯಾವಿಶೇಷಣ. ‘ದೇ ಫಾಸ್ಟ್ ಆನ್ ಮಂಡೇಸ್’ ಎಂಬಲ್ಲಿ ಅದೇ ಪದ ಉಪವಾಸ ಮಾಡುವುದನ್ನು ಹೇಳುವ ಕ್ರಿಯಾಪದ. ಪದಪಟ್ಟಿಯನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲಿಯೇ.

ಮೊದಲು ವಾಕ್ಯದ ಕ್ರಿಯಾಪದವನ್ನು, ಬಳಿಕ ನಾಮಪದ ಮತ್ತು ಸರ್ವನಾಮಗಳನ್ನು ಗುರುತು ಹಾಕಿಕೊಳ್ಳಿ. ಅನಂತರ ಪ್ರತಿಯೊಂದು ನಾಮಪದವನ್ನೂ ಹಿಡಿದು ‘ಎಂಥದು?’ ಎಂದು ಕೇಳಿದರೆ ಉತ್ತರವಾಗಿ ಬರುವುದು ಸಾಮಾನ್ಯವಾಗಿ ಗುಣವಾಚಕವೇ. ಅದಕ್ಕೆ ಮುಖ್ಯವಾಗಿ ಎರಡು ಸ್ಥಾನಗಳಿವೆ: ನಾಮಪದಕ್ಕಿಂತ ಮೊದಲೇ ಬರುವ ‘ಎ ಬಿಗ್ ಹೌಸ್’ ಒಂದು, ‘ಈಸ್’, ‘ಸೀಮ್’, ‘ಬಿಕಮ್’ ಮೊದಲಾದ ಕ್ರಿಯಾಪದಗಳ ನಂತರ ಬರುವ ‘ದ ಹೌಸ್ ಈಸ್ ಬಿಗ್’ ಇನ್ನೊಂದು. ಕನ್ನಡದಲ್ಲಿ ‘ದೊಡ್ಡ ಮನೆ’ ಎಂದಿದ್ದದ್ದು ‘ಮನೆ ದೊಡ್ಡದು’ ಎಂದು ರೂಪ ಬದಲಿಸಿದರೂ, ಇಂಗ್ಲಿಷಿನ ‘ಬಿಗ್’ ಎರಡೂ ಕಡೆ ಹಾಗೆಯೇ ಉಳಿಯುತ್ತದೆ. ಬಹುವಚನದ ‘ಬಿಗ್ ಹೌಸಸ್’ನಲ್ಲಿಯೂ ಅದಕ್ಕೆ ಯಾವ ಪ್ರತ್ಯಯವೂ ಸೇರುವುದಿಲ್ಲ. ‘ಅಸ್ಲೀಪ್’ ಎರಡನೆಯ ಸ್ಥಾನದಲ್ಲಿ ಮಾತ್ರ, ‘ಮೇನ್’ ಮೊದಲನೆಯದರಲ್ಲಿ ಮಾತ್ರ ಬರುತ್ತದೆ, ಇಂಥವು ಕೆಲವೇ.

ಸಂದೇಹ ಬಂದಾಗ ‘ವೆರಿ’ ಸೇರಿಸಿ ನೋಡುವುದು ಒಳ್ಳೆಯ ಪರೀಕ್ಷೆ. ‘ಎ ಸ್ಟೋನ್ ವಾಲ್’ ಎಂಬಲ್ಲಿ ‘ಸ್ಟೋನ್’ ಗೋಡೆಯನ್ನು ವಿವರಿಸುತ್ತಿದ್ದರೂ ‘ಎ ವೆರಿ ಸ್ಟೋನ್ ವಾಲ್’ ಎನ್ನಲಾಗದು, ಏಕೆಂದರೆ ಅದು ಇನ್ನೊಂದು ನಾಮಪದಕ್ಕೆ ಒತ್ತಾಸೆಯಾಗಿ ನಿಂತಿರುವ ನಾಮಪದ. ‘ಮೇನ್’ನಂಥ ಕೆಲವು ಗುಣವಾಚಕಗಳೂ ‘ವೆರಿ’ಯನ್ನು ಒಪ್ಪುವುದಿಲ್ಲವಾದ್ದರಿಂದ ಈ ಪರೀಕ್ಷೆಯೊಂದನ್ನೇ ನಂಬಬಾರದು. ಪದದ ಕೊನೆಯ ‘ಲಿ’ಯನ್ನಂತೂ ನಂಬಲೇಬಾರದು: ‘ಕ್ವಿಕ್ಲಿ’ ಕ್ರಿಯಾವಿಶೇಷಣ, ಆದರೆ ‘ಫ್ರೆಂಡ್ಲಿ’, ‘ಲೋನ್ಲಿ’ ಎರಡೂ ಗುಣವಾಚಕಗಳು.

ಹೆಚ್ಚು ಗೊಂದಲ ಹುಟ್ಟಿಸುವುದು ‘ಇಂಗ್’ನಿಂದ ಕೊನೆಗೊಳ್ಳುವ ಪದಗಳು. ‘ದ ಬೇಬಿ ಈಸ್ ಸ್ಲೀಪಿಂಗ್’ ಎಂಬಲ್ಲಿ ‘ವೆರಿ’ ಹೊಂದುವುದಿಲ್ಲ, ಆದ್ದರಿಂದ ‘ಸ್ಲೀಪಿಂಗ್’ ಕ್ರಿಯಾಪದದ ಭಾಗ. ‘ದ ಲೆಸನ್ ಈಸ್ ಬೋರಿಂಗ್’ ಎಂಬಲ್ಲಿ ಅದು ಸಲೀಸಾಗಿ ಹೊಂದುವುದರಿಂದ ‘ಬೋರಿಂಗ್’ ಗುಣವಾಚಕ. ಬೇಸರ ತರಿಸುವ ಪಾಠಕ್ಕೆ ‘ಬೋರಿಂಗ್’ ಎಂದೂ, ಬೇಸರಗೊಂಡ ವಿದ್ಯಾರ್ಥಿಗೆ ‘ಬೋರ್ಡ್’ ಎಂದೂ ಹೇಳಬೇಕು. ‘ಐ ಆಮ್ ಬೋರಿಂಗ್’ ಎಂದ ವಿದ್ಯಾರ್ಥಿ ತಾನೇ ಇತರರಿಗೆ ಬೇಸರ ತರಿಸುವವನೆಂದು ಹೇಳಿಕೊಂಡಂತಾಗುತ್ತದೆ.