ಗಂಟಲಮಾರಿಯ ಕಂತು: ಕಥೆ ಕಟ್ಟಿದ ನನ್ನ ಅನುಭವ

ಬಾಗಲಕೋಟೆಯಲ್ಲಿ ಮಕ್ಕಳ ವೈದ್ಯನಾಗಿ ಕೆಲಸ ಮಾಡುತ್ತಲೇ ನಾನು ಆಸ್ಪತ್ರೆಯ ಕಥೆಗಳಿರುವ ಒಂದು ಕಿರುತೆರೆ ಧಾರಾವಾಹಿಗೆ ಸಲಹೆಗಾರನಾಗಿದ್ದೆ. ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತಿದ್ದುದು ಔಷಧದ ಹೆಸರು, ಸಲೈನ್ ಹಚ್ಚುವ ರೀತಿ ಮುಂತಾದ ಚಿಕ್ಕಪುಟ್ಟ ತಿದ್ದುಪಡಿಗಳು. ಒಂದು ಕಂತಿಗೆ ಮಾತ್ರ ಪೂರ್ತಿ ಕಥೆಯನ್ನೇ ಬರೆದುಕೊಡಿ ಎಂದು ನಿರ್ದೇಶಕರು ಕೇಳಿದರು. ಹಳ್ಳಿಯೊಂದರಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರಂತೆ ಹಾಸಿಗೆ ಹಿಡಿಯಬೇಕು, ರೋಗ ಯಾವುದೆಂದು ಬಹಳ ಹೊತ್ತು ತಿಳಿಯಬಾರದು, ಆದರೆ ತಿಳಿದ ಮೇಲೆ ಪ್ರೇಕ್ಷಕರಿಗೆ ಮೋಸವಾಯಿತೆಂದು ಅನಿಸಬಾರದು ಎಂಬುದು ಅವರ ಬೇಡಿಕೆಯಾಗಿತ್ತು.

ಚರ್ಚೆಯ ವೇಳೆ ಎಲ್ಲರ ಬಾಯಲ್ಲೂ ಅಮೆರಿಕದ ‘ಹೌಸ್’ ಧಾರಾವಾಹಿಯ ಮಾತೇ ಇತ್ತು. ಅದರ ಒಂದು ಕಂತಿನಲ್ಲಿ ಸಿಡುಬು ಮರಳಿ ಬಂದಿತೆಂದು ಆಸ್ಪತ್ರೆಯೇ ನಡುಗುತ್ತದೆ, ಕೊನೆಗೆ ಅದು ಇಲಿಯ ಮೈಮೇಲಿನ ನುಸಿಯಿಂದ ಬರುವ ರಿಕೆಟ್ಸಿಯಲ್‌ಪಾಕ್ಸ್ ಎಂದು ಗೊತ್ತಾಗುತ್ತದೆ. ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿಯೇ ಘೋಷಿಸಿರುವುದರಿಂದ ಆ ಭಯಕ್ಕೆ ಅಷ್ಟು ಬೆಲೆ. ಆದರೆ ಹೆಸರೇ ಕೇಳದ ರೋಗವನ್ನು ತಂದು ನಮ್ಮ ತಾಲ್ಲೂಕು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಸಿದರೆ ನೋಡುವವರು ವೈದ್ಯರ ಜಾಣತನವನ್ನು ಮೆಚ್ಚಿಕೊಳ್ಳಬಹುದೇ ಹೊರತು ತಾವೇ ಊಹಿಸಲು ಅವಕಾಶವಿರುವುದಿಲ್ಲ. ಒಂದು ಕಾಲಕ್ಕೆ ಮನೆಮನೆಗೂ ಗೊತ್ತಿದ್ದು, ಲಸಿಕೆಯ ದೆಸೆಯಿಂದ ಕಣ್ಮರೆಯಾಗುತ್ತ ಬಂದು, ಅದೇ ಕಾರಣಕ್ಕೆ ಈಗಿನ ತರುಣ ವೈದ್ಯರು ಗುರುತು ಹಿಡಿಯಲು ತಡವರಿಸುವ ರೋಗವೇ ನನಗೆ ಬೇಕಾಗಿತ್ತು. ಹಾಗಾಗಿ ಗಂಟಲಮಾರಿಯನ್ನು, ಅಂದರೆ ಡಿಫ್ತೀರಿಯಾವನ್ನು ಆರಿಸಿಕೊಂಡೆ. ವಿಜಯಪುರ, ಬಾಗಲಕೋಟೆಯ ಕಡೆ ಅದು ಇನ್ನೂ ಪೂರ್ತಿಯಾಗಿ ತೊಲಗಿಲ್ಲವೆಂಬುದು ಮಕ್ಕಳ ವೈದ್ಯರಿಗೆಲ್ಲ ತಿಳಿದ ಸಂಗತಿ.

ಕಥೆಯನ್ನು ಮುಧೋಳದ ಕಡೆಯ ಕಬ್ಬಿನ ಸೀಮೆಯಲ್ಲಿ, ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸುವ ಚಳಿಗಾಲದಲ್ಲಿ ಇಟ್ಟೆ. ಹೊಲದ ಬದಿಗೆ ರವದಿ, ಅಂದರೆ ಕಬ್ಬಿನ ಒಣಗರಿ ಹೊದಿಸಿದ ಗುಡಿಸಲುಗಳಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಇಳಿದುಕೊಂಡಿರುತ್ತಾರೆ. ಅವರ ಮಕ್ಕಳೂ ಊರಿನ ಮಕ್ಕಳೂ ಒಂದೇ ಬಯಲಿನಲ್ಲಿ ಆಡುತ್ತಾರೆ. ಮೊದಲು ಆಸ್ಪತ್ರೆಗೆ ಬರುವುದು ಗುಡಿಸಲಿನ ನಾಲ್ಕು ವರ್ಷದ ಹುಡುಗಿ. ಸಣ್ಣ ಜ್ವರ, ನುಂಗಲು ನೋವು, ಎರಡೂ ದವಡೆಯ ಕೆಳಗೆ ಊದಿ ದಪ್ಪವಾದ ಕುತ್ತಿಗೆ. ಹೊಸದಾಗಿ ಸೇರಿದ ವೈದ್ಯೆ ಅದನ್ನು ಮಂಗನಬಾವು ಎಂದುಕೊಳ್ಳುತ್ತಾಳೆ. ಕುತ್ತಿಗೆ ಊದಿದ ಮಗುವನ್ನು ಕಂಡಾಗ ಯಾರಿಗಾದರೂ ಮೊದಲು ಹಾಗೆಯೇ ಅನಿಸುವುದರಿಂದ ಆಕೆಯನ್ನು ದಡ್ಡಿಯಾಗಿ ತೋರಿಸುವ ಅಗತ್ಯ ಬೀಳಲಿಲ್ಲ.

ನನಗೆ ಅತ್ಯಂತ ಪ್ರಿಯವಾದ ಸುಳಿವು ಎರಡನೆಯ ದೃಶ್ಯದಲ್ಲಿದೆ. ಅದೇ ಹುಡುಗಿಯ ಅಣ್ಣ ವಾರ್ಡಿನ ಬಾಗಿಲಲ್ಲಿ ನಿಂತಿರುತ್ತಾನೆ, ಅವನ ಮಾತು ಮೂಗಿನಿಂದ ಬಂದಂತೆ ಕೇಳುತ್ತದೆ. ತಾಯಿ ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ, “ಇವಗ ನೀರ ಕುಡಸಿದ್ರ ಮೂಗಿನಾಗಿಂದ ಹೊರಗ ಬರಾಕತ್ತಾವ್ರೀ ಅಕ್ಕಾರ, ಗಂಟಲ ನೋವು ಹೋಗಿ ಈಗ ಇದೊಂದು ಶುರು ಆಗೇತಿ” ಎಂದು ದಾದಿಗೆ ಹೇಳುತ್ತಾಳೆ. ಯಾರೂ ಅದಕ್ಕೆ ಕಿವಿಗೊಡುವುದಿಲ್ಲ. ಈ ರೋಗಾಣು ಗಂಟಲಿನಲ್ಲಿ ಕುಳಿತು ಉಗುಳುವ ವಿಷವು ನರಗಳನ್ನೂ ಹೃದಯವನ್ನೂ ಮುಟ್ಟುತ್ತದೆ. ಕಿರುನಾಲಿಗೆಯ ಸುತ್ತಲಿನ ಮೆದು ಅಂಗುಳು ಸೋತು ಬಿದ್ದಾಗ ಕುಡಿದ ನೀರು ಮೂಗಿಗೆ ಏರುತ್ತದೆ. ಹುಡುಗಿಗೆ ಈಗ ಬಂದ ರೋಗ ಅಣ್ಣನಿಗೆ ಮೊದಲೇ ಬಂದು ಹೋಗಿತ್ತು, ಯಾವ ದಾಖಲೆಯಲ್ಲೂ ಅದು ಬರೆದಿರಲಿಲ್ಲ ಎಂಬುದು ಆ ಒಂದು ಮಾತಿನಲ್ಲಿಯೇ ಅಡಗಿದೆ.

ಈ ರೋಗದಲ್ಲಿ ಗಂಟಲಿನೊಳಗೆ ಕಟ್ಟುವ ಪೊರೆಯನ್ನು ತೆರೆಯ ಮೇಲೆ ತೋರಿಸುವುದು ಬಹಳ ತ್ರಾಸಿನ ಕೆಲಸವಾಯಿತು. ಬಾಲನಟಿಯ ಬಾಯಲ್ಲಿ ಏನನ್ನೂ ಇಡಕೂಡದೆಂದು ಮೊದಲೇ ಷರತ್ತು ಹಾಕಿದ್ದೆ. ರಬ್ಬರಿನ ಬಾಯಿಯ ಮಾದರಿಯೊಂದನ್ನು ತರಿಸಿದೆವು. ಪ್ರಸಾಧನದವರು ಅದರೊಳಗೆ ಹಾಲಿನ ಕೆನೆ ಹಚ್ಚಿದರು. ಬೆಳಕಿಗೆ ಅದು ಜಾರಿ ಕೆಳಗಿಳಿಯಿತು, ಬಣ್ಣವೂ ತೀರ ಬಿಳಿ. ನಿಜವಾದ ಪೊರೆ ಬೂದಿಬಣ್ಣದ್ದು, ಟಾನ್ಸಿಲ್ ದಾಟಿ ಕಿರುನಾಲಿಗೆಯವರೆಗೆ ಹಬ್ಬುವಂಥದು, ಎಬ್ಬಿಸಲು ಹೋದರೆ ಅಂಟಿಕೊಂಡ ಜಾಗದಿಂದ ರಕ್ತ ಒಸರುತ್ತದೆ. ಕೊನೆಗೆ ಜೆಲಾಟಿನ್ ಕುದಿಸಿ, ಅದರಲ್ಲಿ ಚಿಟಿಕೆ ವಿಭೂತಿ ಕಲಸಿ, ಆರುವ ಮುನ್ನವೇ ಬೆರಳಿನಿಂದ ಒತ್ತಿ ಕೂರಿಸಿದ ಮೇಲೆ ಬ್ಯಾಟರಿಯ ಬೆಳಕಿನಲ್ಲಿ ಅದು ನಾನು ಕಂಡ ಗಂಟಲುಗಳನ್ನು ನೆನಪಿಸುವಂತೆ ಬಂತು. ಇಷ್ಟೆಲ್ಲ ಮಾಡಿದ ದೃಶ್ಯ ತೆರೆಯ ಮೇಲೆ ಎರಡು ಉಸಿರಿನಷ್ಟು ಹೊತ್ತು ಇದ್ದೀತು.

ಪ್ರಯೋಗಾಲಯದ ವಿಷಯದಲ್ಲಿ ತಂಡದವರಿಗೂ ನನಗೂ ವಾದ ನಡೆಯಿತು. ಯಂತ್ರದಿಂದ ವರದಿ ಹೊರಬರುತ್ತಲೇ ರೋಗದ ಹೆಸರು ಗೊತ್ತಾಗಲಿ ಎಂಬುದು ಅವರ ಇಚ್ಛೆ. ಆದರೆ ಗಂಟಲಿನ ದ್ರವವನ್ನು ಆಲ್ಬರ್ಟ್ ಎಂಬ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಸಿರು ಕಡ್ಡಿಗಳೂ ಅವುಗಳ ತುದಿಯಲ್ಲಿ ಕಡುನೀಲಿ ಚುಕ್ಕೆಗಳೂ ಕಂಡರೆ ಅದು ಬರೀ ಅನುಮಾನ. ರೋಗಾಣುವನ್ನು ಬೆಳೆಸಿ ನೋಡಲು ಒಂದೆರಡು ದಿನ ಬೇಕು, ಅದು ವಿಷ ಉಗುಳುವ ಜಾತಿಯದೇ ಎಂದು ತಿಳಿಯಲು ಎಲೆಕ್ ಪರೀಕ್ಷೆ ಮತ್ತೂ ತಡ. ಈ ರೋಗಕ್ಕೆ ಕೊಡುವ ಪ್ರತಿವಿಷದ ಚುಚ್ಚುಮದ್ದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನಷ್ಟೇ ತಡೆಯಬಲ್ಲದು. ಜೀವಕೋಶದೊಳಗೆ ಇಳಿದ ವಿಷಕ್ಕೆ ಅದು ಏನನ್ನೂ ಮಾಡಲಾರದು. ಆದ್ದರಿಂದ ವರದಿಗಾಗಿ ಕಾಯುವಂತಿಲ್ಲ. ಕುದುರೆಯ ರಕ್ತದಿಂದ ತಯಾರಾಗುವ ಈ ಔಷಧದ ಚಿಕಿತ್ಸೆಗಾಗಿಯೇ ಎಮಿಲ್ ಫಾನ್ ಬೆರಿಂಗ್ ಅವರಿಗೆ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದಿತು, ಇಂದಿಗೂ ಅದು ಬರುವುದು ಕುದುರೆಯಿಂದಲೇ. ಮೈಗೆ ಒಗ್ಗದೆ ಪ್ರಾಣಕ್ಕೆ ಬರುವ ಸಂಭವವಿರುವುದರಿಂದ ಮೊದಲು ಚರ್ಮದಲ್ಲಿ ಪರೀಕ್ಷಿಸಿ, ಹಾಗಾದಾಗ ಜೀವ ಉಳಿಸುವ ಅಡ್ರಿನಲಿನ್ ಚುಚ್ಚುಮದ್ದನ್ನು ಕೈಯಳತೆಯಲ್ಲಿ ಇಟ್ಟುಕೊಂಡೇ ಕೊಡಬೇಕು. ರೋಗ ಖಚಿತವಾಗುವ ಮುನ್ನವೇ ಇಂಥ ಔಷಧವನ್ನು ಕೊಡಲು ನಿರ್ಧರಿಸುವ ತರುಣ ವೈದ್ಯೆಯ ಆ ಹತ್ತು ನಿಮಿಷವನ್ನೇ ಕಂತಿನ ನಡುಮಧ್ಯಕ್ಕೆ ತಂದೆ. ಔಷಧ ತಾಲ್ಲೂಕಿನಲ್ಲಿ ಸಿಗದೆ, ಬೆಳಗಾವಿಯಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಯರಗಟ್ಟಿ, ಲೋಕಾಪುರ ದಾಟಿ ಬರುವಂತೆ ಮಾಡಿದೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು ಸಿಗುತ್ತದೆ. ಅವಸರದ ಸಂಗೀತ ಹಾಕುವುದಕ್ಕೆ ಅಲ್ಲಿ ಮಾತ್ರ ಒಪ್ಪಿದೆ.

ರೋಗ ಎಲ್ಲಿಂದ ಬಂತೆಂಬುದನ್ನು ವೈದ್ಯರ ಬದಲು ಆಶಾ ಕಾರ್ಯಕರ್ತೆಯ ಕೈಯಲ್ಲಿ ಬಿಡಿಸಿದೆ. ನಾನು ಮೊದಲು ಚೌಕುಳಿ ಹಾಳೆಯ ಮೇಲೆ ಪ್ರತಿ ಮಗುವಿನ ಹೆಸರು, ವಯಸ್ಸು, ಗಂಟಲು ನೋವು ಶುರುವಾದ ದಿನ, ಯಾರ ಜೊತೆ ಮಲಗುತ್ತಿತ್ತು, ತಾಯಿ ಕಾರ್ಡಿನಲ್ಲಿ ಯಾವ ಲಸಿಕೆಯ ಚೌಕ ಖಾಲಿ ಎಂದು ಬರೆದು, ಅನಂತರವೇ ದೃಶ್ಯಗಳನ್ನು ಬರೆದೆ. ಸೋಂಕು ತಗುಲಿ ರೋಗ ಕಾಣಿಸಲು 2ರಿಂದ 5 ದಿನ ಹಿಡಿಯುವುದರಿಂದ ದಿನಾಂಕಗಳು ಒಂದಕ್ಕೊಂದು ಕೂಡದಿದ್ದರೆ ಕಥೆ ಅಲ್ಲಿಯೇ ಬಿದ್ದುಹೋಗುತ್ತದೆ. ಹುಟ್ಟಿದ 6, 10, 14ನೆಯ ವಾರದ ಲಸಿಕೆಗಳು ಗುಡಿಸಲಿನ ಮಕ್ಕಳಿಗೂ ಆಗಿವೆ. ವಲಸೆ ಹೋದ ಕಾಲಕ್ಕೆ ಬಂದ ಒಂದೂವರೆ ವರ್ಷದ ಬೂಸ್ಟರ್ ಮತ್ತು ಅಣ್ಣನ ಐದು ವರ್ಷದ್ದು ತಪ್ಪಿಹೋಗಿವೆ.

ಇಲ್ಲಿಗೆ ಎಲ್ಲರೂ ರೋಗ ಹೊರಗಿನಿಂದ ಬಂದ ಗ್ಯಾಂಗಿನವರದೇ ಎಂದು ತೀರ್ಮಾನಿಸುತ್ತಾರೆ, ನಿರ್ಮಾಪಕರೂ ಕಥೆಯನ್ನು ಅಲ್ಲಿಗೇ ಮುಗಿಸಲು ಹೇಳಿದರು. ನಾನು ಒಪ್ಪಲಿಲ್ಲ. ಲಸಿಕೆ ಕಲಿಸಿಕೊಡುವುದು ವಿಷವನ್ನು ಎದುರಿಸುವುದನ್ನು. ರೋಗಾಣು ಗಂಟಲಿನಲ್ಲಿ ತಂಗುವುದನ್ನು ಅದು ಪೂರ್ತಿ ತಡೆಯದು. ಎಲ್ಲ ಲಸಿಕೆ ಹಾಕಿಸಿಕೊಂಡ ಹುಡುಗನೊಬ್ಬ ತಾನು ಆರಾಮಾಗಿದ್ದೇ ಇತರರಿಗೆ ಹಂಚಬಲ್ಲ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಗೆರೆಗಳೆಲ್ಲ ಹೋಗಿ ಕೂಡುವುದು ಹೊಲದ ಒಡೆಯರ ಮೊಮ್ಮಗನ ಹೆಸರಿನ ಬಳಿ. ದಿನವೂ ಸಂಜೆ ಅವನು ಗುಡಿಸಲಿನ ಹುಡುಗರಿಗೆ ತನ್ನ ಪೀಪಿ ಊದಲು ಕೊಡುತ್ತಿದ್ದ.

ಆ ಮನೆಯ ಪಡಸಾಲೆಯ ದೃಶ್ಯವನ್ನು ಮಾತ್ರ ಹಲವು ಸಲ ತಿದ್ದಿದೆ. ಅಜ್ಜನಿಗೆ ಅವಮಾನವೂ ಆಗಬಾರದು, ವಿಷಯ ಮುಚ್ಚಿಯೂ ಹೋಗಬಾರದು. “ನಮ್ಮ ಹುಡುಗಗ ಕೆಮ್ಮ ಸೈತ ಇಲ್ಲವಾ ತಂಗಿ, ಅವಗ್ಯಾಕ ಗುಳಿಗಿ?” ಎಂದು ಅವರು ಕೇಳುತ್ತಾರೆ. “ಅವಗ ಏನೂ ಆಗೂದಿಲ್ರೀ ಅಜ್ಜಾರ, ಸೂಜಿ ಎಲ್ಲಾ ಮಾಡಸೀರಿ. ಆದ್ರ ಅವನ ಕೂಡ ಆಡೂ ಹುಡುಗರದ್ದು ಆಗಿಲ್ರೀ” ಎಂದು ಆಶಾ ಕಾರ್ಯಕರ್ತೆ ಹೇಳಿ, ಗಂಟಲಿನ ದ್ರವ ತೆಗೆದುಕೊಂಡು, ರೋಗಾಣುವನ್ನು ಕೊಲ್ಲುವ ಎರಿಥ್ರೋಮೈಸಿನ್ ಗುಳಿಗೆಗಳನ್ನು ಎಣಿಸಿ ಕೊಡುತ್ತಾಳೆ. ಗುಡಿಸಲುಗಳಲ್ಲಿ ಹಂಚಿದ ಅದೇ ಗುಳಿಗೆ, ಅಷ್ಟೇ ದಿನದ ಲೆಕ್ಕ. ಸಂಕಲನದಲ್ಲಿ ಈ ದೃಶ್ಯವನ್ನು ಅರ್ಧಕ್ಕೆ ಇಳಿಸಲು ಹೊರಟಿದ್ದರು. ಬೇಕಾದರೆ ಟ್ರ್ಯಾಕ್ಟರ್‌ಗಳ ದೃಶ್ಯವನ್ನು ಕತ್ತರಿಸಿ, ಇದನ್ನು ಮುಟ್ಟಬೇಡಿ ಎಂದೆ, ಹಾಗೆಯೇ ಮಾಡಿದರು.