ಕೈಯಲ್ಲಿ ಮಾಡಿದ ಸೋಪು: ಓದಿ, ಪರೀಕ್ಷಿಸಿ, ಆಮೇಲೆ ಮೈಗೆ ಹಚ್ಚಿ

ಸೋಪಿನ ಮುಂಬದಿಯ ಬೇವಿನೆಲೆಯ ಚಿತ್ರ ಬಿಡಿ, ಹಿಂದೆ ತಿರುಗಿಸಿ ಓದಿ. ಸೋಡಿಯಂ ಕೋಕೋಯೇಟ್ ಎಂದರೆ ಕೊಬ್ಬರಿ ಎಣ್ಣೆಯ ಸೋಪು, ಸೋಡಿಯಂ ಪಾಮೇಟ್ ತಾಳೆ ಎಣ್ಣೆಯದು, ಸೋಡಿಯಂ ಆಲಿವೇಟ್ ಆಲಿವ್ ಎಣ್ಣೆಯದು. ಸೋಡಿಯಂ ಟ್ಯಾಲೋಯೇಟ್ ಇದ್ದರೆ ಪ್ರಾಣಿಗಳ ಕೊಬ್ಬು. ಕಾಸ್ಟಿಕ್ ಸೋಡಾ ಎಂಬ ತೀಕ್ಷ್ಣ ಕ್ಷಾರದ ಹೆಸರು ಕಂಡರೆ ಹೆದರಬೇಡಿ. ಅದಿಲ್ಲದೆ ಎಣ್ಣೆ ಗಟ್ಟಿ ಸೋಪಾಗುವುದೇ ಇಲ್ಲ; ಅಳತೆ ಸರಿಯಿದ್ದರೆ ಅಷ್ಟೂ ಎಣ್ಣೆಯೊಡನೆ ಬೆರೆತು ಮುಗಿಯುತ್ತದೆ. ಅನುಮಾನಿಸಬೇಕಾದ್ದು ‘ಪಿಎಚ್ 5.5’ ಎಂದು ಬರೆದ ಎಣ್ಣೆ ಸೋಪನ್ನು. ಪಿಎಚ್ ಎಂದರೆ ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಎಣ್ಣೆಯಿಂದಾದ ಸೋಪಿನ ಪಿಎಚ್ 9–10ರ ಆಸುಪಾಸು ಇರುತ್ತದೆ.

ಬಣ್ಣವೂ ಬಹಳಷ್ಟು ಹೇಳುತ್ತದೆ. ಕ್ಷಾರದಲ್ಲಿ ಅರಿಶಿನ ಕೆಂಪಿಗೆ ತಿರುಗುತ್ತದೆ. ಹಾಗಾಗಿ ಬರೀ ಅರಿಶಿನದ ಸೋಪು ಕಿತ್ತಳೆ ಅಥವಾ ಮಣ್ಣಿನ ಬಣ್ಣಕ್ಕೆ ಬರುತ್ತದೆ, ಬೆಳಕಿಗಿಟ್ಟರೆ ಮಾಸುತ್ತದೆ. ನಿಂಬೆಹಣ್ಣಿನಂಥ ಹಳದಿಯಿದ್ದರೆ ಲೇಬಲ್‌ನಲ್ಲಿ ‘ಸಿಐ 19140’ ಇದೆಯೇ ನೋಡಿ, ಅದು ಕೃತಕ ಬಣ್ಣ. ಬೇವಿನ ಹಸಿರೂ ಅಷ್ಟೆ, ದಿನ ಕಳೆದಂತೆ ಕಂದಾಗುತ್ತದೆ. ಗುಲಾಬಿ ದಳದ ಕೆಂಪು ಕಾಸ್ಟಿಕ್‌ನಲ್ಲಿ ಉಳಿಯುವುದೇ ಇಲ್ಲ. ಕೃತಕ ಬಣ್ಣವೆಲ್ಲ ಕೆಟ್ಟದ್ದೆಂದಲ್ಲ, ಆದರೆ ಬಣ್ಣ ಹಾಕಿ ‘ಶುದ್ಧ ಅರಿಶಿನ’ ಎಂದು ಮಾರುವುದು ತಪ್ಪು.

ಮಾಡಿ ಎಷ್ಟು ದಿನವಾಯಿತೆಂದು ಮಾರುವವರನ್ನು ಕೇಳಿ. ಬಿಸಿ ಮಾಡದೆ ತಯಾರಿಸಿದ ಸೋಪು 4ರಿಂದ 6 ವಾರ ಒಣಗಬೇಕು. ಹಸಿಯದು ಬಚ್ಚಲಲ್ಲಿ ಬೇಗ ಕರಗಿಹೋಗುತ್ತದೆ.

ಇನ್ನು ನಿಮ್ಮ ಮನೆಯ ನೀರು. ಮುಂಬಯಿಯಲ್ಲಿ ಪಾಲಿಕೆಯ ಕೆರೆ-ಅಣೆಕಟ್ಟಿನ ನೀರು ಮೆದು. ಪುಣೆಯ ಹೊರವಲಯದ ಸೊಸೈಟಿಗಳಲ್ಲಿ ಟ್ಯಾಂಕರ್, ಬೋರ್‌ವೆಲ್ ನೀರು ಬಂದರೆ ಅದೇ ಸೋಪು ಬೇರೆಯೇ ಆಗಿ ವರ್ತಿಸುತ್ತದೆ. ಪಾರದರ್ಶಕ ಬಾಟಲಿಗೆ ಅರ್ಧ ಲೋಟ ನೀರು ಹಾಕಿ, ಕಾಲು ಚಮಚ ಸೋಪಿನ ತುರಿ ಸೇರಿಸಿ ಜೋರಾಗಿ ಅಲ್ಲಾಡಿಸಿ. ನೊರೆ ನಿಂತು ಕೆಳಗಿನ ನೀರು ಸುಮಾರಾಗಿ ತಿಳಿಯಾಗಿದ್ದರೆ ಒಳ್ಳೆಯದು. ಹಾಲು ಒಡೆದಂತೆ ಬಿಳಿ ಕಣ ತೇಲಿದರೆ ನೀರು ಗಡಸು. ಮೈಮೇಲೂ ಬಕೆಟಿನ ಅಂಚಿನಲ್ಲೂ ಕೂರುವ ಜಿಗುಟು ಇದೇ. ಗಡಸು ನೀರಿಗೆ ಕೊಬ್ಬರಿ ಎಣ್ಣೆ ಹೆಚ್ಚಿರುವ ಸೋಪು ಉತ್ತಮ, ನೊರೆ ಬರುತ್ತದೆ. ಆದರೆ ಒಣ ಚರ್ಮವನ್ನು ಅದು ಮತ್ತಷ್ಟು ಒಣಗಿಸುತ್ತದೆ.

ಮೊದಲ ದಿನವೇ ಮುಖಕ್ಕೆ ಬಳಸಬೇಡಿ. ಮೊಣಕೈ ಒಳಮಡಿಕೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ನೊರೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ. ದಿನಕ್ಕೆ ಎರಡು ಸಲ, 7ರಿಂದ 10 ದಿನ. ಕೆಂಪಾಗದೆ, ತುರಿಕೆ ಬಾರದೆ ಇದ್ದರೆ ಮುಂದುವರಿಸಿ. ಅಲರ್ಜಿ ತರುವುದು ‘ಕೆಮಿಕಲ್’ ಮಾತ್ರವಲ್ಲ. ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳೂ ಹಳತಾದಷ್ಟು ಚರ್ಮ ಕೆರಳಿಸುತ್ತವೆ. ದೀಪಾವಳಿಗೆ ಮಹಾರಾಷ್ಟ್ರದಲ್ಲಿ ಕೊಳ್ಳುವ ಉಟಣೆಗೂ (ಸ್ನಾನಕ್ಕೆ ಮೈಗೆ ಹಚ್ಚುವ ಸುಗಂಧದ ಪುಡಿ) ಇದೇ ಪರೀಕ್ಷೆ. ಕಡಲೆಹಿಟ್ಟಿಗೆ ನಿಂಬೆರಸ ಬೆರೆಸಿ ಹಚ್ಚಿಕೊಂಡು ಬಿಸಿಲಿಗೆ ಮಾತ್ರ ಹೋಗಬೇಡಿ, ಸುಟ್ಟಂತೆ ಕಲೆ ಬೀಳುತ್ತದೆ.

ಮುಂಬಯಿ, ಗೋವಾದ ಮಳೆಗಾಲದಲ್ಲಿ ಸೋಪಿನ ಮೇಲೆ ನೀರ ಹನಿ ಮೂಡಬಹುದು. ಸೋಪು ಕೆಟ್ಟಿಲ್ಲ, ಒಳಗಿನ ಗ್ಲಿಸರಿನ್ ಗಾಳಿಯ ತೇವ ಹೀರುತ್ತಿದೆ. ಒರೆಸಿ, ತೂತಿರುವ ಸೋಪುಡಬ್ಬಿಯಲ್ಲಿಡಿ. ಅರ್ಧ ಕತ್ತರಿಸಿ ಬಳಸಿ, ಉಳಿದರ್ಧ ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಡಿ, ಪ್ಲಾಸ್ಟಿಕ್ ಬೇಡ. ಕಿತ್ತಳೆ ಚುಕ್ಕೆ ಎದ್ದು ಹಳೇ ಎಣ್ಣೆಯ ಕಮಟು ಬಂದರೆ ಎಣ್ಣೆ ಕೆಟ್ಟಿದೆ. ಅದನ್ನು ಮೈಗೆ ಹಚ್ಚಬೇಡಿ.

ತಲೆಗೆ ಈ ಸೋಪು ಬೇಡ, ಗಡಸು ನೀರಲ್ಲಂತೂ ಕೂದಲು ಅಂಟಾಗುತ್ತದೆ. ಬೀಜ ತೆಗೆದ 5–6 ಅಂಟುವಾಳ, 2 ಚಮಚ ಸೀಗೆಪುಡಿಯನ್ನು ಅರ್ಧ ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ 10 ನಿಮಿಷ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಆ ನೀರಲ್ಲಿ ತಲೆ ತೊಳೆಯಿರಿ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳಿ, ತುಂಬಾ ಉರಿಯುತ್ತದೆ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ, ಸೆಕೆಗೆ ಹುಳಿ ವಾಸನೆ ಬರುತ್ತದೆ.